ಕೌಂಟರಿನ ಮುಂದೆ ನಿಂತ ಇಟಲಿ

ಇಟಲಿಯ ಊರುಗಳಲ್ಲಿ ಬೆಳಗಿನ ಕಾಫಿ ಸಿಗುವ ಜಾಗಕ್ಕೆ ಬಾರ್ ಎಂದು ಹೆಸರು. ಮದ್ಯದ ಬಾಟಲಿಗಳು ಹಿಂದಿನ ಕಪಾಟಿನಲ್ಲಿ ಸಾಲಾಗಿ ಇರುತ್ತವೆ, ನಿಜ. ಆದರೆ ನಸುಕಿನಿಂದ ಹತ್ತೂವರೆಯ ತನಕ ಅತ್ತ ನೋಡುವವರು ಕಡಿಮೆ. ಕಸ ಗುಡಿಸುವವರು, ಬ್ಯಾಂಕಿನ ಗುಮಾಸ್ತರು, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ತಾಯಂದಿರು, ಕೋರ್ಟಿಗೆ ಹೊರಟ ವಕೀಲರು ಎಲ್ಲ ಒಂದೇ ಕೌಂಟರಿಗೆ ಮೊಣಕೈ ಊರಿ ನಿಂತು ನಾಲ್ಕೈದು ನಿಮಿಷದಲ್ಲಿ ಕಪ್ಪು ಖಾಲಿ ಮಾಡಿ ಹೊರಡುತ್ತಾರೆ. ಕುರ್ಚಿಯಲ್ಲಿ ಒರಗಿ, ಪತ್ರಿಕೆ ಹರಡಿಕೊಂಡು, ಗುಟುಕು ಗುಟುಕಾಗಿ ಕುಡಿಯುವ ಆಸೆ ಹೊತ್ತು ಹೋದ ಪ್ರವಾಸಿಗೆ ಮೊದಲ ದಿನ ಕೊಂಚ ನಿರಾಸೆಯೇ ಆಗುತ್ತದೆ. ಇಷ್ಟು ಅವಸರದಲ್ಲಿ ಸವಿಯುವುದೆಲ್ಲಿ ಬಂತು ಅನಿಸುತ್ತದೆ. ಎರಡು ಮೂರು ಬೆಳಗು ಕಳೆದ ಮೇಲೆ ಗೊತ್ತಾಗುವ ಸಂಗತಿಯೆಂದರೆ, ಆ ಕಾಫಿಯ ರುಚಿ ಕಪ್ಪಿನಲ್ಲಿ ಎಷ್ಟಿದೆಯೋ ಕುಡಿಯುವ ಕ್ರಮದಲ್ಲೂ ಅಷ್ಟೇ ಇದೆ. ಆ ಕ್ರಮ ತಾನಾಗಿ ಹುಟ್ಟಿದ್ದಲ್ಲ. ಒಂದು ಯಂತ್ರ, ಒಂದು ಕಾನೂನು, ಹಾಲಿನ ಬಗೆಗಿನ ಒಂದು ನಂಬಿಕೆ ಸೇರಿ ಅದನ್ನು ನೂರು ವರ್ಷಗಳಲ್ಲಿ ರೂಪಿಸಿವೆ.

ಬೆಂಗಳೂರಿನ ದರ್ಶಿನಿಗಳ ಅಭ್ಯಾಸವಿದ್ದವರಿಗೆ ಅರ್ಧ ಪಾಠ ಮೊದಲೇ ಬಂದಿರುತ್ತದೆ. ರೈಲು ನಿಲ್ದಾಣದ ಬಾರುಗಳಲ್ಲಿ, ದೊಡ್ಡ ಊರುಗಳ ಗಿಜಿಗುಡುವ ಬಾರುಗಳಲ್ಲಿ ಮೊದಲು ಗಲ್ಲಾದ ಬಳಿ ಹೋಗಿ, ಬೇಕಾದ್ದು ಹೇಳಿ, ಹಣ ಕೊಟ್ಟು ಚೀಟಿ ಪಡೆಯಬೇಕು. ಆ ಚೀಟಿಗೆ ಸ್ಕೊಂತ್ರೀನೊ ಎನ್ನುತ್ತಾರೆ. ಅದನ್ನು ಕಾಫಿ ಯಂತ್ರದ ಮುಂದಿನ ಕೌಂಟರಿನ ಮೇಲೆ ಇಟ್ಟು ಇನ್ನೊಮ್ಮೆ ಹೇಳಿದರೆ ಕಪ್ಪು ಬರುತ್ತದೆ. ಸರತಿ ಸಾಲು ಇರುವುದಿಲ್ಲ. ಯಾರು ಯಾವಾಗ ಬಂದರು ಎಂಬುದು ಕಾಫಿ ಮಾಡುವ ಬಾರಿಸ್ತಾನ ತಲೆಯಲ್ಲಿರುತ್ತದೆ. ಚಿಕ್ಕ ಊರಿನ, ಓಣಿಯ ಬಾರುಗಳಲ್ಲಿ ಈ ಕಟ್ಟಳೆ ಸಡಿಲ. ಅಲ್ಲಿ ಮೊದಲು ಕುಡಿದು, ಹೋಗುವಾಗ ಹಣ ಕೊಟ್ಟರಾಯಿತು. ಎರಡರಲ್ಲಿ ಯಾವ ಪದ್ಧತಿ ಎಂದು ತಿಳಿಯಲು ಬಾಗಿಲಲ್ಲಿ ಅರೆಗಳಿಗೆ ನಿಂತು ಮುಂದಿನವರು ಮಾಡುವುದನ್ನು ನೋಡಿದರೆ ಸಾಕು. ಒಳಗೆ ಕಾಲಿಡುತ್ತ ‘ಬೊಂಜೋರ್ನೊ’ ಎಂದು ಶುಭೋದಯ ಹೇಳುವುದನ್ನು ಮಾತ್ರ ಮರೆಯಬಾರದು. ಉಳಿದ ಭಾಷೆ ಬಾರದಿದ್ದರೂ ಈ ಒಂದು ಮಾತಿನಿಂದ ಅಪರಿಚಿತ ಮುಖ ಅರ್ಧ ಪರಿಚಿತವಾಗುತ್ತದೆ.

ನಿಂತೇ ಕುಡಿಯುವುದಕ್ಕೆ ಅವಸರದ ಜೊತೆ ಬೆಲೆಯ ಕಾರಣವೂ ಇದೆ. 1911ರ ಒಂದು ಕಾನೂನು ದಿನಬಳಕೆಯ ಅವಶ್ಯಕ ವಸ್ತುಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡುವ ಅಧಿಕಾರವನ್ನು ಸ್ಥಳೀಯ ಆಡಳಿತಗಳಿಗೆ ಕೊಟ್ಟಿತು. ಮೇಜಿಗೆ ತಂದುಕೊಡುವ ಸೇವೆಯಿಲ್ಲದ ಒಂದು ಕಪ್ ಕಾಫಿಯೂ ಆ ಅವಶ್ಯಕ ವಸ್ತುಗಳಲ್ಲಿ ಸೇರಿತು. ಹೀಗಾಗಿ ಕೌಂಟರಿನ ಕಾಫಿ ಅಗ್ಗವಾಗಿ ಉಳಿಯಿತು, ಕೂತವರ ಕಾಫಿಗೆ ಅಂಗಡಿಯವರು ಬೇಕಾದ ಬೆಲೆ ಇಟ್ಟರು. ಈಗಲೂ ಬಾರಿನ ಗೋಡೆಯ ದರಪಟ್ಟಿಯಲ್ಲಿ ಕೌಂಟರಿಗೊಂದು, ಮೇಜಿಗೊಂದು ದರ ಕಾಣುವುದುಂಟು. ನಿಂತು ಕುಡಿದರೆ ಎಸ್ಪ್ರೆಸೊ ಒಂದು ಯೂರೋಗಿಂತ ಸ್ವಲ್ಪ ಹೆಚ್ಚು. ಅದನ್ನೇ ಪ್ರಸಿದ್ಧ ಚೌಕದ ಹೊರಗಿನ ಮೇಜಿನಲ್ಲಿ ಕೂತು ಕುಡಿದರೆ ಹಲವು ಪಟ್ಟು. ವೆನಿಸ್ಸಿನ ಸಂತ ಮಾರ್ಕನ ಚೌಕದಲ್ಲಿ 1720ರಿಂದ ನಡೆದುಬಂದಿರುವ ಕಫೆ ಫ್ಲೋರಿಯನ್‌ನಲ್ಲಿ ವಾದ್ಯಗೋಷ್ಠಿ ನಡೆಯುತ್ತಿದ್ದರೆ ಸಂಗೀತದ ಶುಲ್ಕವೂ ಬಿಲ್ಲಿಗೆ ಸೇರುತ್ತದೆ. ಒಮ್ಮೆ ಅಲ್ಲಿ ಕೂರುವುದು ತಪ್ಪಲ್ಲ, ಮುನ್ನೂರು ವರ್ಷದ ಕಫೆಗೆ ಅಷ್ಟು ಸಲ್ಲಲಿ. ದಿನವೂ ಕುಡಿಯುವ ಕಾಫಿಗೆ ಆ ಜಾಗವಲ್ಲ, ವೆನಿಸ್ಸಿನವರೇ ಅಲ್ಲಿ ದಿನಾ ಕುಡಿಯುವುದಿಲ್ಲ.

ಬೆಳಿಗ್ಗೆ ಏನು ಕೇಳಬೇಕು ಎಂಬುದಕ್ಕೆ ಎರಡೇ ದಾರಿ: ಬರಿ ‘ಕಫ್ಫೆ’ ಎಂದರೆ ಎಸ್ಪ್ರೆಸೊ, ಹಾಲು ಬೇಕಾದವರಿಗೆ ಕಪುಚಿನೊ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಕಫೆ ಕಾಫಿ ಡೇ ಬಾಗಿಲು ತೆರೆದ ಮೇಲೆ ಕಪುಚಿನೊ ಎಂಬ ಹೆಸರು ಕನ್ನಡಿಗರ ಬಾಯಲ್ಲಿ ನೆಲೆಯಾಯಿತು. ಆದರೆ ಇಲ್ಲಿನ ದೊಡ್ಡ ಮಗ್ಗಿನ ಕಪುಚಿನೊ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಅಲ್ಲಿನದು ಚಿಕ್ಕದೆನಿಸುತ್ತದೆ. 25 ಮಿಲಿಲೀಟರ್ ಎಸ್ಪ್ರೆಸೊ, ನೊರೆಯೆಬ್ಬಿಸಿದ 100 ಮಿಲಿಲೀಟರ್ ಹಾಲು, 150-160 ಮಿಲಿಲೀಟರಿನ ಪಿಂಗಾಣಿ ಕಪ್ಪು, ಇದು ಅಲ್ಲಿನ ಅಳತೆ. ಚಿಕ್ಕದು ಎಂಬುದಕ್ಕಿಂತ ದೊಡ್ಡ ದೂರು, ಅದು ಬಿಸಿಯಿಲ್ಲ ಎಂಬುದು. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಆರಿಸಬೇಕಾದಷ್ಟು ಬಿಸಿ ಕಾಫಿ ಕುಡಿದು ಬೆಳೆದ ನಾಲಿಗೆಗೆ ಕಪುಚಿನೊ ಆರಿಹೋದಂತೆ ತೋರುತ್ತದೆ. ಬಾರಿಸ್ತಾ ಅದನ್ನು ಬೇಕೆಂದೇ ಹಾಗೆ ಮಾಡಿರುತ್ತಾನೆ. ಉಗಿ ಹಾಯಿಸಿದ ಹಾಲು 55ರಿಂದ 65 ಡಿಗ್ರಿ ಸೆಲ್ಸಿಯಸ್ ಇರುವಾಗ ಅದರ ಸಹಜ ಸಿಹಿ ನಾಲಿಗೆಗೆ ಚೆನ್ನಾಗಿ ಹತ್ತುತ್ತದೆ, ನೊರೆಯೂ ರೇಷ್ಮೆಯಂತೆ ನಯವಾಗಿರುತ್ತದೆ. 70 ದಾಟಿದರೆ ಕಾಯಿಸಿದ ಹಾಲಿನ ವಾಸನೆ ಬಂದು ನೊರೆ ಒಡೆಯುತ್ತದೆ. ಕಾದ ಹಾಲಿನ ವಾಸನೆಯೇ ನಮ್ಮ ಕಾಫಿಯ ಜೀವ, ಅವರಿಗೆ ಅದೇ ದೋಷ. ಇಷ್ಟು ತಿಳಿದೂ ಬಿಸಿಯೇ ಬೇಕೆಂದರೆ ‘ಬೊಲ್ಲೆಂತೆ’ ಎಂದು ಕೇಳಬಹುದು, ಕುದಿಬಿಸಿ ಕಾಫಿ ಸಿಗುತ್ತದೆ. ಮುಖ ಸಿಂಡರಿಸುವ ಬಾರಿಸ್ತಾರೂ ಇದ್ದಾರೆ.

ಕಪುಚಿನೊ ಬೆಳಗಿನ ತಿಂಡಿಯ ಭಾಗ. ಹೊತ್ತು ಹನ್ನೊಂದು ದಾಟಿತೆಂದರೆ ಸ್ಥಳೀಯರು ಅದನ್ನು ಕೇಳುವುದು ಅಪರೂಪ, ಊಟದ ಮೇಲಂತೂ ಇಲ್ಲವೇ ಇಲ್ಲ. ಅಷ್ಟು ಹಾಲು ಊಟದ ಜೊತೆ ಅರಗುವುದಿಲ್ಲ ಎಂಬುದು ಅವರ ನಂಬಿಕೆ. ಇದಕ್ಕೆ ಕಾನೂನಿಲ್ಲ, ಮಧ್ಯಾಹ್ನ ಮೂರಕ್ಕೆ ಕೇಳಿದರೂ ಮಾಡಿಕೊಡುತ್ತಾರೆ. ಕೇಳಿದವರು ಪರದೇಶದವರೆಂದು ಕೌಂಟರಿನ ಉಳಿದವರಿಗೆ ತಿಳಿಯುತ್ತದೆ, ಅಷ್ಟೇ. ಜೊತೆಗೆ ತಿನ್ನಲು ರೋಮ್ ಮತ್ತು ಅದರ ದಕ್ಷಿಣಕ್ಕೆ ಕೊರ್ನೆತ್ತೊ, ಮಿಲಾನಿನ ಕಡೆ ಅದೇ ತಿಂಡಿಗೆ ಬ್ರಿಯೋಶ್ ಎಂಬ ಹೆಸರು. ಕೊಂಬಿನ ಆಕಾರದ, ಪದರ ಪದರವಾದ ಸಿಹಿ ಬನ್ನು ಅದು. ಒಳಗೆ ಜ್ಯಾಮ್, ಚಾಕೊಲೇಟ್ ಅಥವಾ ಕೆನೆ ತುಂಬಿರುತ್ತದೆ. ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಸೇರಿರುತ್ತದೆ. ನೇಪಲ್ಸಿನ ಚಿಪ್ಪಿನಾಕಾರದ ಸ್ಫೋಲ್ಯತೆಲ್ಲಾದಲ್ಲಿ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಬಳಸುತ್ತಾರೆ. ಶುದ್ಧ ಸಸ್ಯಾಹಾರಿಗಳು ಗಾಜಿನ ಪೆಟ್ಟಿಗೆಯಲ್ಲಿ ‘ವೆಗಾನೊ’ ಎಂಬ ಚೀಟಿ ಹುಡುಕುವುದು ಕ್ಷೇಮ, ನಗರಗಳ ಬಾರುಗಳಲ್ಲಿ ಅದು ಈಗ ಸುಲಭವಾಗಿ ಸಿಗುತ್ತದೆ.

ಇಷ್ಟು ಬೇಗ ಒಂದು ಕಪ್ಪು ತಯಾರಾಗುವಂತೆ ಮಾಡಿದ್ದು ಯಂತ್ರ. ತೂರಿನ್ ನಗರದ ಆಂಜೆಲೊ ಮೊರಿಯೊಂದೊ 1884ರಲ್ಲಿ ಉಗಿಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದು ಒಮ್ಮೆಗೇ ಹಲವರಿಗಾಗುವಷ್ಟು ಕಾಫಿ ಮಾಡುತ್ತಿತ್ತು. ಕೇಳಿದವರಿಗೆ ಕೇಳಿದ ಕ್ಷಣ ಒಂದೊಂದೇ ಕಪ್ಪು ಮಾಡಿಕೊಡುವ ಯಂತ್ರ ಮಿಲಾನಿನ ಲೂಯಿಜಿ ಬೆತ್ಸೆರಾ ಅವರದು, 1901ರದು. ದೆಸಿದೇರಿಯೊ ಪಾವೋನಿ ಆ ಹಕ್ಕು ಕೊಂಡು 1905ರಿಂದ ಯಂತ್ರಗಳನ್ನು ತಯಾರಿಸಿ ಮಾರತೊಡಗಿದರು. ಹಿತ್ತಾಳೆಯ ಗುಮ್ಮಟ ಹೊತ್ತು ಎದ್ದು ನಿಂತ ಆ ಯಂತ್ರಗಳು ನೋಡಲು ಭವ್ಯವಾಗಿದ್ದವು, ಕಾಫಿ ಮಾತ್ರ ಸೀದ ರುಚಿಯದು. ಉಗಿಯ ಒತ್ತಡ (ಅದರ ಅಳತೆಗೂ ಬಾರ್ ಎಂದೇ ಹೆಸರು) ಒಂದೂವರೆ ಎರಡು ಬಾರ್‌ಗಿಂತ ಮೇಲೇರುತ್ತಿರಲಿಲ್ಲ, ನೀರು ಮಾತ್ರ ಕುದಿಬಿಸಿಯಾಗಿ ಬಂದು ಪುಡಿಯನ್ನು ಸುಡುತ್ತಿತ್ತು. ಇಂದು ಎಸ್ಪ್ರೆಸೊದ ಗುರುತಾದ ಹೊಂಬಣ್ಣದ ನೊರೆ ಆಗಿನ ಕಪ್ಪಿನಲ್ಲಿ ಇರಲೇ ಇಲ್ಲ.

ಆ ನೊರೆ ತಂದವರು ಮಿಲಾನಿನಲ್ಲಿ ಬಾರ್ ನಡೆಸುತ್ತಿದ್ದ ಅಕಿಲ್ಲೆ ಗಾಜ್ಜಾ. 1938ರಲ್ಲಿ ಮೊದಲ ಪೇಟೆಂಟ್ ಸಲ್ಲಿಸಿದ ಅವರು ಯುದ್ಧ ಮುಗಿದ ಮೇಲೆ ಸನ್ನೆಕೋಲಿನ ಯಂತ್ರವನ್ನು ಮಾರುಕಟ್ಟೆಗೆ ತಂದರು. ಸನ್ನೆ ಎಳೆದರೆ ಸ್ಪ್ರಿಂಗ್ ಒತ್ತಿಕೊಂಡು, ಬಿಟ್ಟಾಗ ಕೊಂತವನ್ನು (ಪಿಸ್ಟನ್) ಕೆಳಗೆ ನೂಕಿ, ಬಿಸಿನೀರನ್ನು ಎಂಟೊಂಬತ್ತು ಬಾರ್ ಒತ್ತಡದಲ್ಲಿ ಪುಡಿಯೊಳಗೆ ಹಾಯಿಸುತ್ತಿತ್ತು. ಕಪ್ಪಿನ ಗಾತ್ರ ಕಿರಿದಾದದ್ದೂ ಈ ಕೊಂತದಿಂದಲೇ, ಅದರ ಕೊಳವೆಯಲ್ಲಿ ಹಿಡಿಯುವಷ್ಟೇ ನೀರು ಒಂದು ಸಲಕ್ಕೆ ಇಳಿಯುತ್ತಿತ್ತು. ಮೇಲೆ ತೇಲುವ ನೊರೆಯನ್ನು ನೋಡಿ ಜನ ಮೊದಮೊದಲು ಅನುಮಾನಪಟ್ಟರಂತೆ. ಗಾಜ್ಜಾ ಅದನ್ನು ಕಾಫಿಯದೇ ಕೆನೆ ಎಂದು ಹೆಸರಿಟ್ಟು ಮಾರಿದರು. ಕೊನೆಯ ಹೆಜ್ಜೆ 1961ರ ಫಯೇಮಾ ಸಂಸ್ಥೆಯ ಇ61 ಯಂತ್ರ. ಸೂರ್ಯಗ್ರಹಣ ಆದ ವರ್ಷದ ನೆನಪಿಗೆ ಆ ಹೆಸರು. ಅದರಲ್ಲಿ ತೋಳಿನ ಬಲದ ಜಾಗವನ್ನು ವಿದ್ಯುತ್ ಪಂಪು ಹಿಡಿಯಿತು, ಒತ್ತಡ ಒಂದೇ ಸಮ 9 ಬಾರ್ ನಿಂತಿತು. ಸನ್ನೆ ಎಳೆಯುವ ಕೈಚಳಕ ಇಲ್ಲದವರೂ ಹದವಾದ ಕಾಫಿ ಇಳಿಸುವಂತಾಯಿತು. ಬಾರುಗಳು ಊರೂರಿಗೆ ಹಬ್ಬಿದ್ದು ಆ ಮೇಲಿನ ಮಾತು. ಇಟಲಿಯ ‘ಪ್ರಾಚೀನ’ ಕಾಫಿ ಸಂಪ್ರದಾಯ ಎಂದು ಪ್ರವಾಸಿ ಪುಸ್ತಕಗಳು ಹೊಗಳುವ ಸಂಗತಿ ಈಗಿನ ರೂಪಕ್ಕೆ ಬಂದು ಮುಕ್ಕಾಲು ಶತಮಾನ ಕಳೆದಿದೆ, ಅಷ್ಟೇ.

ಎಸ್ಪ್ರೆಸೊಗೆ ಈಗ ಒಪ್ಪಿತವಾದ ಅಳತೆಯಿದೆ: 7 ಗ್ರಾಂ ಪುಡಿ, 90 ಡಿಗ್ರಿಯ ಆಸುಪಾಸಿನ ನೀರು, 25 ಸೆಕೆಂಡು, ಕಪ್ಪಿಗೆ ಬೀಳುವುದು ನೊರೆ ಸೇರಿ 25 ಮಿಲಿಲೀಟರ್. ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದೆ. ಒತ್ತಡದಲ್ಲಿ ಅದು ನೀರಿನಲ್ಲಿ ಕರಗಿ, ಕಪ್ಪಿಗೆ ಬಿದ್ದೊಡನೆ ಸಣ್ಣ ಗುಳ್ಳೆಗಳಾಗಿ ಹೊರಬರುತ್ತದೆ. ಹಳಸಿದ ಪುಡಿಯಲ್ಲಿ ಅನಿಲ ಹೊರಟುಹೋಗಿರುವುದರಿಂದ ನೊರೆ ತೆಳ್ಳಗೆ, ಬಿಳಿಚಿಕೊಂಡಿರುತ್ತದೆ. ಪ್ರವಾಸಿಗೆ ಇದೊಂದು ಒಳ್ಳೆಯ ಪರೀಕ್ಷೆ. ನೊರೆ ಹೇಜಲ್ ಬಣ್ಣಕ್ಕಿದ್ದು, ಸಕ್ಕರೆ ಹಾಕಿದರೆ ಒಂದು ಕ್ಷಣ ತಡೆದು ಮುಳುಗಿಸಿಕೊಂಡರೆ ಆ ಬಾರ್‌ಗೆ ಮಾರನೆಯ ದಿನವೂ ಹೋಗಬಹುದು. ಸಕ್ಕರೆ ಹಾಕಿಕೊಳ್ಳುವುದಕ್ಕೆ ಯಾರೂ ನಾಚುವುದಿಲ್ಲ. ಕದಡಿ, ಎರಡು ಮೂರು ಗುಟುಕಿನಲ್ಲಿ ಮುಗಿಸುತ್ತಾರೆ. ತಡ ಮಾಡಿದರೆ ಆರಿ ಕಹಿಯಾಗುತ್ತದೆ, ಸುವಾಸನೆಯೂ ಹೋಗುತ್ತದೆ. ಕೂತು ಕುಡಿಯುವಷ್ಟು ಹೊತ್ತು ಬಾಳುವ ಪಾನೀಯವೇ ಅದಲ್ಲ.

ಈ ನೊರೆಯ ಮಾತು ಬಂದಾಗ ಕೊಡಗು, ಚಿಕ್ಕಮಗಳೂರು, ಹಾಸನಗಳ ಹೆಸರು ಬರಲೇಬೇಕು. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಬೆಳೆದದ್ದರ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಕೊಳ್ಳುವವರಲ್ಲಿ ಇಟಲಿಯೇ ಮೊದಲು. ಅವರಿಗೆ ಮುಖ್ಯವಾಗಿ ಬೇಕಾದದ್ದು ನಮ್ಮ ರೊಬಸ್ಟಾ. ಅರೇಬಿಕಾ ಬೀಜದಲ್ಲಿ ಪರಿಮಳ ಹೆಚ್ಚು, ಜೊತೆಗೆ ನೊರೆಯನ್ನು ಒಡೆಯುವ ಎಣ್ಣೆಯಂಶವೂ ಹೆಚ್ಚು. ರೊಬಸ್ಟಾದಲ್ಲಿ ಎಣ್ಣೆ ಕಡಿಮೆ, ಕೆಫೀನ್ ಸುಮಾರು ಎರಡು ಪಟ್ಟು. ಅದನ್ನು ಬೆರೆಸಿದರೆ ನೊರೆ ದಪ್ಪಗೆ ನಿಲ್ಲುತ್ತದೆ, ಕಾಫಿಗೆ ಮೈ ಬರುತ್ತದೆ. ರೊಬಸ್ಟಾ ಬೆಳೆಯುವ ಬೇರೆ ದೇಶಗಳು ಹಣ್ಣನ್ನು ಹೆಚ್ಚಾಗಿ ಹಾಗೇ ಒಣಗಿಸುತ್ತವೆ. ಇಲ್ಲಿನ ತೋಟಗಳಲ್ಲಿ ನೆರಳಿನಲ್ಲಿ ಬೆಳೆದು, ಕೈಯಲ್ಲಿ ಕೊಯ್ದ ಹಣ್ಣಿನ ಒಂದು ಪಾಲನ್ನು ಪಲ್ಪರಿಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ ಮಾಡುತ್ತಾರೆ. ಹಾಗೆ ತೊಳೆದ ರೊಬಸ್ಟಾದಲ್ಲಿ ಒರಟು ವಾಸನೆ ಕಡಿಮೆ, ‘ಕಾಪಿ ರಾಯಲ್’ ಎಂಬ ಹೆಸರಿನ ವಿಶೇಷ ದರ್ಜೆ ಹುಟ್ಟಿದ್ದೂ ಅದರಿಂದಲೇ.

ಇನ್ನೊಂದು, ಮಾನ್ಸೂನ್ಡ್ ಮಲಬಾರ್. ಹಾಯಿಹಡಗುಗಳ ಕಾಲದಲ್ಲಿ ಕರಾವಳಿಯಿಂದ ಹೊರಟ ಬೀಜ ಆಫ್ರಿಕಾ ಸುತ್ತಿಕೊಂಡು ಯೂರೋಪು ಮುಟ್ಟುವಷ್ಟರಲ್ಲಿ ತಿಂಗಳುಗಟ್ಟಲೆ ಸಮುದ್ರದ ತೇವ ಹೀರಿ ಉಬ್ಬಿ ಹಳದಿಯಾಗುತ್ತಿತ್ತು, ಹುಳಿ ಇಳಿದು ರುಚಿ ಮೃದುವಾಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದ ಮೇಲೆ ಪಯಣ ಚಿಕ್ಕದಾಯಿತು, ಬೀಜ ಹಸಿರಾಗಿಯೇ ತಲುಪತೊಡಗಿತು. ಹಳೆಯ ರುಚಿಗೆ ಒಗ್ಗಿದ ಗಿರಾಕಿಗಳು ಒಪ್ಪಲಿಲ್ಲ. ಆಗ ಮಂಗಳೂರಿನ ಕಡೆಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಡಿ, ಸಮುದ್ರ ಮಾಡುತ್ತಿದ್ದ ಕೆಲಸವನ್ನು ನೆಲದ ಮೇಲೆ ಮಾಡಿಸಿದರು. ಹುಳಿ ಬೇಡವೆನ್ನುವ ಎಸ್ಪ್ರೆಸೊ ಮಿಶ್ರಣಕ್ಕೆ ಈ ಬೀಜ ಹೇಳಿಮಾಡಿಸಿದಂತಿದೆ. ವಿಚಿತ್ರವೆಂದರೆ 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಕೊಡಗಿನ ಕಾಫಿ ಮತ್ತೆ ಆಫ್ರಿಕಾದ ತುದಿ ಸುತ್ತಿ ಹೋಗಬೇಕಾಯಿತು. ಈ ಸಲ ರುಚಿ ಬದಲಾಗಲಿಲ್ಲ, ಸಾಗಣೆಯ ಖರ್ಚು ಏರಿತು. ಬಾರಿನಲ್ಲಿ ಕುಡಿಯುವವರಿಗೆ ಇದಾವುದೂ ಕಾಣುವುದಿಲ್ಲ. ಮಿಶ್ರಣದಲ್ಲಿ ಯಾವ ದೇಶದ ಬೀಜ ಎಷ್ಟಿದೆ ಎಂದು ಹುರಿಯುವ ಕಂಪನಿಗಳು ಬಹುಮಟ್ಟಿಗೆ ಹೇಳುವುದಿಲ್ಲ. ಮಡಿಕೇರಿಯ ತೋಟದವರು ನೇಪಲ್ಸಿನಲ್ಲಿ ತಮ್ಮದೇ ಬೀಜದ ಕಾಫಿ ಕುಡಿದು ಬಂದರೂ ಅವರಿಗೆ ಅದು ತಿಳಿಯುವ ದಾರಿಯಿಲ್ಲ.

ಊರು ಬದಲಾದಂತೆ ಬೆಳಗಿನ ಕಪ್ಪೂ ಬದಲಾಗುತ್ತದೆ. ಉತ್ತರದಲ್ಲಿ ಹುರಿದ ಬಣ್ಣ ತಿಳಿ, ಅರೇಬಿಕಾ ಹೆಚ್ಚು. ದಕ್ಷಿಣಕ್ಕೆ ಇಳಿದಂತೆ ಬೀಜ ಕಪ್ಪಗಾಗುತ್ತದೆ, ರೊಬಸ್ಟಾ ಏರುತ್ತದೆ. ಗಟ್ಟಿ ಡಿಕಾಕ್ಷನ್ ಇಷ್ಟಪಡುವವರಿಗೆ ನೇಪಲ್ಸ್ ಬೇಗ ಒಗ್ಗುತ್ತದೆ. ಅಲ್ಲಿ ಸನ್ನೆಕೋಲಿನ ಯಂತ್ರಗಳು ಇನ್ನೂ ಉಳಿದಿವೆ, ಕಪ್ಪುಗಳನ್ನು ಕುದಿನೀರಿನಲ್ಲಿಟ್ಟು ಬಿಸಿ ಮಾಡಿರುತ್ತಾರೆ, ಕಾಫಿಗೆ ಮೊದಲು ಕುಡಿದು ಬಾಯಿ ತೊಳೆದುಕೊಳ್ಳಲೆಂದು ಒಂದು ಚಿಕ್ಕ ಲೋಟ ನೀರು ಕೊಡುತ್ತಾರೆ. ಒಂದು ಕಾಫಿ ಕುಡಿದು ಎರಡರ ಹಣ ಕೊಟ್ಟು ಹೋಗುವ ಪದ್ಧತಿಯೂ ಅಲ್ಲಿಯದೇ. ಆ ಎರಡನೆಯದು ಹಣವಿಲ್ಲದೆ ಬಂದು ಕೇಳುವ ಯಾರಿಗೋ ಸಲ್ಲುತ್ತದೆ. ಕೊಟ್ಟವರಿಗೆ ಕುಡಿದವರು ಯಾರೆಂದು ಗೊತ್ತಿಲ್ಲ, ಕುಡಿದವರಿಗೆ ಕೊಟ್ಟವರು ಗೊತ್ತಿಲ್ಲ.

ರೋಮಿನ ಸಾಂತ್ ಯೂಸ್ತಾಕಿಯೊ 1938ರಿಂದ ಇರುವ ಕಾಫಿಯಂಗಡಿ. ಸೌದೆ ಬೆಂಕಿಯಲ್ಲಿ ಬೀಜ ಹುರಿಯುವ ಇವರು ದಟ್ಟ ನೊರೆ ಬರಿಸುವ ವಿಧಾನವನ್ನು ಯಾರಿಗೂ ಕಾಣದಂತೆ ಯಂತ್ರದ ಪಕ್ಕ ಮರೆ ಕಟ್ಟಿಕೊಂಡು ಮಾಡುತ್ತಾರೆ. ಸಕ್ಕರೆ ಅವರೇ ಹಾಕಿಬಿಡುವುದರಿಂದ ಬೇಡದವರು ಮೊದಲೇ ಹೇಳಬೇಕು. ತೂರಿನ್‌ನಲ್ಲಿ ಎಸ್ಪ್ರೆಸೊ, ಕಾಯಿಸಿದ ಚಾಕೊಲೇಟ್, ಹಾಲುಕೆನೆಗಳನ್ನು ಚಿಕ್ಕ ಗಾಜಿನ ಲೋಟದಲ್ಲಿ ಪದರವಾಗಿ ಹೊಯ್ದ ಬಿಚೆರಿನ್ ಉಂಟು, ಅದನ್ನು ಕದಡದೆ ಕುಡಿಯುವುದು ರೂಢಿ. ತ್ರಿಯೆಸ್ತೆಯ ಕಥೆಯೇ ಬೇರೆ. 1719ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದ ಸುಂಕಮುಕ್ತ ಬಂದರಾಗಿ ಕಾಫಿ ವ್ಯಾಪಾರದಲ್ಲಿ ಬೆಳೆದ ಆ ಊರಿಗೆ ತನ್ನದೇ ಪರಿಭಾಷೆ. ಅಲ್ಲಿ ಎಸ್ಪ್ರೆಸೊಗೆ ‘ನೇರೊ’, ಹಾಲಿನ ನೊರೆ ಸೋಕಿಸಿದ ಚಿಕ್ಕ ಕಪ್ಪಿಗೆ ‘ಕಾಪೊ’, ಅದೇ ಗಾಜಿನ ಲೋಟದಲ್ಲಿ ಬೇಕಾದರೆ ‘ಕಾಪೊ ಇನ್ ಬಿ’. ರೋಮಿನವರೇ ತ್ರಿಯೆಸ್ತೆಗೆ ಹೋದರೆ ತಡವರಿಸುತ್ತಾರೆ, ಹೊರಗಿನವರು ಸಂಕೋಚಪಡಬೇಕಿಲ್ಲ. ಸಿಸಿಲಿಯ ಬೇಸಿಗೆಯಲ್ಲಿ ಬಿಸಿ ಕಾಫಿಯ ಬದಲು ಬಾದಾಮಿ ಅಥವಾ ಕಾಫಿಯ ಗ್ರನೀತಾ ಎಂಬ ಮಂಜುಪುಡಿಯಲ್ಲಿ ಬನ್ನು ಅದ್ದಿ ತಿನ್ನುವುದೇ ಬೆಳಗಿನ ತಿಂಡಿ.

ಹೋಟೆಲಿನಲ್ಲಿ ಉಳಿದವರು ಕೋಣೆಯ ಬಾಡಿಗೆಯಲ್ಲೇ ಸೇರಿದ ತಿಂಡಿಯ ಜೊತೆ ಗುಂಡಿ ಒತ್ತಿ ಪಡೆಯುವ ಯಂತ್ರದ ಕಾಫಿಗೆ ತೃಪ್ತರಾಗಿಬಿಡುವುದುಂಟು. ತಿಂಡಿ ಬೇಕಾದರೆ ಅಲ್ಲೇ ತಿಂದು ಕಾಫಿಗೆ ಬೀದಿಗಿಳಿಯುವುದು ಮೇಲು. ಪ್ರಸಿದ್ಧ ಕಟ್ಟಡಗಳ ಎದುರಿನ ಸಾಲು ಬಿಟ್ಟು ಒಂದೆರಡು ಓಣಿ ಒಳಗೆ ಹೋದರೆ ಸ್ಥಳೀಯರ ಬಾರು ಸಿಗುತ್ತದೆ. ಅದೇ ಬಾರ್‌ಗೆ ಮೂರು ದಿನ ಒಂದೇ ಹೊತ್ತಿಗೆ ಹೋದರೆ, ಕೇಳುವ ಮೊದಲೇ ಕಪ್ಪು ಯಂತ್ರದ ಕೆಳಗೆ ಇಟ್ಟಿರುವುದು ಅಪರೂಪವಲ್ಲ.

ಆಗಸ್ಟ್ ನಡುವಿನಲ್ಲಿ ಹೋದವರಿಗೆ ಮಾತ್ರ ಬೇರೆ ತೊಡಕು. ಇಟಲಿಯೆಲ್ಲ ರಜೆಯಲ್ಲಿರುವ ಆ ವಾರಗಳಲ್ಲಿ ಓಣಿಯ ಬಾರುಗಳ ಕದಕ್ಕೆ ರಜೆಯ ಚೀಟಿ ಅಂಟಿಸಿರುತ್ತಾರೆ. ಬಾಡಿಗೆ ಮನೆಯಲ್ಲಿ ಉಳಿದಿದ್ದರೆ ಆಗ ಆಸರೆ ಮೋಕಾ. 1933ರಲ್ಲಿ ಅಲ್ಫೊನ್ಸೊ ಬಿಯಲೆತ್ತಿ ರೂಪಿಸಿದ ಎಂಟು ಮುಖದ ಈ ಅಲ್ಯುಮಿನಿಯಂ ಪಾತ್ರೆ ಇಲ್ಲದ ಅಡುಗೆಮನೆ ಅಲ್ಲಿ ವಿರಳ. ಕೆಳಗಿನ ಪಾತ್ರೆಗೆ ಸುರಕ್ಷಾ ಕವಾಟದ ಮಟ್ಟದವರೆಗೆ ನೀರು, ನಡುವಿನ ಜರಡಿಗೆ ಒತ್ತದೆ ತುಂಬಿದ ಪುಡಿ, ಸಣ್ಣ ಉರಿ. ಉಗಿಯ ಒತ್ತಡಕ್ಕೆ ನೀರು ಪುಡಿಯನ್ನು ಹಾದು ಮೇಲಿನ ಪಾತ್ರೆಗೆ ಏರುತ್ತದೆ. ಗೊರಗೊರ ಸದ್ದು ಕೇಳಿದ ಕೂಡಲೇ ಇಳಿಸಬೇಕು, ಇಲ್ಲವಾದರೆ ಸೀದು ಕಹಿಯಾಗುತ್ತದೆ. ಒತ್ತಡ ಕಡಿಮೆಯಾದ್ದರಿಂದ ಇದರಲ್ಲಿ ಎಸ್ಪ್ರೆಸೊದ ನೊರೆ ಬಾರದು. ಬರುವ ದ್ರವ ನಮ್ಮ ಫಿಲ್ಟರಿನ ಡಿಕಾಕ್ಷನ್ನಿಗೆ ಹತ್ತಿರದ್ದು, ಬಿಸಿ ಹಾಲು ಬೆರೆಸಿದರೆ ಚೆನ್ನಾಗಿ ಹೊಂದುತ್ತದೆ. ಅಂಗಡಿಯಲ್ಲಿ ‘ಮೋಕಾ’ ಎಂದು ಬರೆದ ಪುಡಿಯನ್ನೇ ಕೊಳ್ಳಬೇಕು, ಎಸ್ಪ್ರೆಸೊದ ನುಣ್ಣನೆಯ ಪುಡಿ ಜರಡಿಯನ್ನು ಕಟ್ಟಿಸುತ್ತದೆ. ಇಂಡಕ್ಷನ್ ಒಲೆಯ ಮೇಲೆ ಅಲ್ಯುಮಿನಿಯಂ ಮೋಕಾ ಕಾಯುವುದಿಲ್ಲ, ಅದಕ್ಕೆ ಸ್ಟೀಲಿನದು ಬೇಕು. ಬಳಸಿದ ಮೇಲೆ ಸೋಪು ಹಚ್ಚದೆ ಬರಿ ನೀರಿನಲ್ಲಿ ತೊಳೆದು ಒರೆಸಿಡುವುದು ಅಲ್ಲಿನ ಮನೆಗಳ ರೂಢಿ, ಬಾಡಿಗೆ ಮನೆಯ ಮಾಲೀಕರೂ ಅದನ್ನೇ ನಿರೀಕ್ಷಿಸುತ್ತಾರೆ.